ಕ್ಲೆಮೆಂಟೆ ಕಾರ್ಡು ಹುಡುಕಿಕೊಂಡು ಹೋದ ಶನಿವಾರ

ಆಟಗಾರರ ಚಿತ್ರ, ಆಟದ ಲೆಕ್ಕ ಅಚ್ಚಾದ ಬೇಸ್‌ಬಾಲ್ ಕಾರ್ಡು ಕೂಡಿಡುವವರಿಗೆ ಯಾವ ಆಟಗಾರನ ಮೇಲೆ ಆಸೆ ಹೆಚ್ಚು ಅನ್ನೋದು ಬರೀ ರನ್ನಿನ ಲೆಕ್ಕದಿಂದ ತಿಳಿಯುವುದಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ಗೆ ಬಂದು ಈ ಹವ್ಯಾಸ ಹಚ್ಚಿಕೊಂಡ ಮೇಲೆ ನನಗಿದು ನಿಧಾನಕ್ಕೆ ಅರ್ಥವಾಗಿತ್ತು. ಅದನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳುವ ಸಂದರ್ಭ ಬಂದಿದ್ದು 2025ರ ಏಪ್ರಿಲ್‌ನ ಒಂದು ಶನಿವಾರ, ಅದೂ ನಮ್ಮಪ್ಪನಿಗೆ. ತುಮಕೂರಿನ ಖಜಾನೆಯಲ್ಲಿ ಲೆಕ್ಕ ಬರೆದೂ ಬರೆದೂ ನಿವೃತ್ತರಾದವರು ಅವರು. ಆಟ ಯಾವುದೇ ಇರಲಿ, ಮೊದಲು ಕೇಳುವುದು ಸ್ಕೋರನ್ನೇ.

ಊರ ಹೊರಗಿನ ಒಂದು ಹೋಟೆಲಿನ ಹಾಲ್‌ನಲ್ಲಿ ಕಾರ್ಡ್ ಶೋ ಇತ್ತು. ಆರನೇ ಕ್ಲಾಸಿನ ನನ್ನ ಮಗ ಹಿಂದಿನ ರಾತ್ರಿಯೇ ತನ್ನ ಕಾರ್ಡುಗಳನ್ನೆಲ್ಲ ಡಬ್ಬಿಗೆ ತುಂಬಿಸಿ ಬಾಗಿಲ ಹತ್ತಿರ ಇಟ್ಟಿದ್ದ. "ತಾತ, ನೀವೂ ಬರಲೇಬೇಕು" ಅಂತ ಹಟ ಬೇರೆ. ಅಪ್ಪ ಸ್ವೆಟರ್ ಹಾಕಿಕೊಂಡು, ಕನ್ನಡಕದ ಡಬ್ಬಿ ಜೇಬಿಗಿಟ್ಟುಕೊಂಡು ಹೊರಟೇಬಿಟ್ಟರು. ನಾನು ಹೊರಟಿದ್ದು ಪಿಟ್ಸ್‌ಬರ್ಗ್‌ನ ಪೈರೇಟ್ಸ್ ತಂಡಕ್ಕೆ ಆಡಿದ್ದ ರಾಬರ್ಟೊ ಕ್ಲೆಮೆಂಟೆಯ 1973ರ ಕಾರ್ಡಿಗಾಗಿ.

ಹಾಲ್ ತುಂಬ ಉದ್ದುದ್ದ ಟೇಬಲ್ಲುಗಳು. ದುಬಾರಿ ಕಾರ್ಡುಗಳು ಗಾಜಿನ ಪೆಟ್ಟಿಗೆಯೊಳಗೆ, ಸಾಧಾರಣದವು ರಟ್ಟಿನ ಡಬ್ಬಗಳಲ್ಲಿ ಸಾಲಾಗಿ ನಿಂತಿದ್ದವು. ಡಬ್ಬದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಂದು ಡಾಲರ್, ಐದು ಡಾಲರ್ ಅಂತ ಬರೆದಿತ್ತು. ಅಪ್ಪ ಗಾಜಿನ ಪೆಟ್ಟಿಗೆಗಳ ಕಡೆ ಹೋಗದೆ ನೇರವಾಗಿ ಡಬ್ಬದ ಮುಂದೆ ನಿಂತರು. ಮೊದಲು ಕೈಗೆ ಸಿಕ್ಕಿದ್ದು ಮರದ ಹಲಗೆಯಂಥ ಅಂಚಿನ, ಟಾಪ್ಸ್ ಕಂಪನಿಯ 1987ರ ಕಾರ್ಡು, ಬ್ಯಾರಿ ಬಾಂಡ್ಸ್‌ನದು. ನಮ್ಮೂರ ಪೈರೇಟ್ಸ್ ತಂಡಕ್ಕೆ ಆಡುತ್ತಿದ್ದಾಗಿನ ಎಳೆ ಮುಖ.

"ಇವನು ಯಾರೋ?"

"ಬಾಂಡ್ಸ್ ಅಂತ. 762 ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಥರದ್ದು, ಹೊಡೆದಿದ್ದಾನೆ. ದೊಡ್ಡ ಲೀಗಿನಲ್ಲಿ ಅದಕ್ಕಿಂತ ಜಾಸ್ತಿ ಹೊಡೆದವರಿಲ್ಲ. ಏಳು ಸಲ ವರ್ಷದ ಶ್ರೇಷ್ಠ ಆಟಗಾರ."

ಅಪ್ಪ ಕಾರ್ಡನ್ನೂ ನೋಡಿದರು, ಡಬ್ಬದ ಮೇಲಿನ ಬೆಲೆಯನ್ನೂ ನೋಡಿದರು. "ಅಲ್ಲ ಕಣೋ, ಎಲ್ಲರಿಗಿಂತ ಜಾಸ್ತಿ ಹೊಡೆದವನು ಅಂತೀಯ. ಹಾಗಿದ್ದರೆ ಇವನನ್ನ ಯಾಕೆ ಐದು ಡಾಲರ್ ಡಬ್ಬದಲ್ಲಿ ಹಾಕಿದಾರೆ? ಆ ಗಾಜಿನ ಪೆಟ್ಟಿಗೆಯೊಳಗೆ ಇರೋರು ಇವನಿಗಿಂತ ದೊಡ್ಡೋರಾ?"

ಅವತ್ತಿಡೀ ನಾವು ಮಾತಾಡಿದ್ದು ಈ ಒಂದು ಪ್ರಶ್ನೆಯ ಸುತ್ತಲೇ.

ಮೊದಲ ಕಾರಣ ಸುಲಭದ್ದು. ಎಂಬತ್ತರ ದಶಕದ ಕೊನೆ, ತೊಂಬತ್ತರ ಶುರುವಿನಲ್ಲಿ ಕಾರ್ಡು ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಹಳೇ ಕಾರ್ಡುಗಳಿಗೆ ಬೆಲೆ ಬಂದಿದ್ದನ್ನು ನೋಡಿದ್ದ ಜನ, ಇವಕ್ಕೂ ಮುಂದೆ ಬೆಲೆ ಬರುತ್ತೆ ಅಂತ ಪೆಟ್ಟಿಗೆಗಟ್ಟಲೆ ಕೊಂಡು ಅಟ್ಟದ ಮೇಲಿಟ್ಟರು. ಎಲ್ಲರೂ ಜೋಪಾನ ಮಾಡಿದ್ದರಿಂದ ಯಾವುದೂ ಅಪರೂಪವಾಗಲಿಲ್ಲ. ಎರಡನೆಯದು ಬಾಂಡ್ಸ್‌ನ ಹೆಸರಿಗೆ ಅಂಟಿಕೊಂಡ ಸ್ಟೆರಾಯ್ಡ್ ಆರೋಪ. ಹತ್ತು ವರ್ಷ ಮತಪಟ್ಟಿಯಲ್ಲಿದ್ದರೂ ಪತ್ರಕರ್ತರು ಅವನನ್ನು ಹಾಲ್ ಆಫ್ ಫೇಮ್‌ಗೆ, ಅಂದರೆ ಬೇಸ್‌ಬಾಲ್‌ನ ಮಹಾನ್ ಆಟಗಾರರ ಗೌರವ ಪಟ್ಟಿಗೆ, ಆರಿಸಲಿಲ್ಲ.

ಆದರೆ ಅಚ್ಚು ಜಾಸ್ತಿಯಾಗಿದ್ದು ಒಂದೇ ಕಾರಣ ಅಂದರೆ ಪಕ್ಕದ ಟೇಬಲ್ಲಿನಲ್ಲೇ ಅದಕ್ಕೆ ಎದುರುತ್ತರ ಇತ್ತು. 1989ರಲ್ಲಿ ಅಪ್ಪರ್ ಡೆಕ್ ಕಂಪನಿ ತನ್ನ ಮೊಟ್ಟಮೊದಲ ಬೇಸ್‌ಬಾಲ್ ಸೆಟ್ ತಂದಾಗ ಒಂದನೇ ನಂಬರಿನ ಕಾರ್ಡಿಗೆ ಆರಿಸಿಕೊಂಡಿದ್ದು ಕೆನ್ ಗ್ರಿಫಿ ಜೂನಿಯರ್‌ನನ್ನು. ಆಗಿನ್ನೂ ಆ ಹುಡುಗ ದೊಡ್ಡ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಸಿಯಾಟಲ್ ತಂಡದ ಟೋಪಿಯಲ್ಲಿ ಅವನ ಫೋಟೋ ಇಲ್ಲದೆ, ಕೆಳಗಿನ ಲೀಗಿನ ಫೋಟೋದಲ್ಲೇ ಟೋಪಿ ತಿದ್ದಿ ಅಚ್ಚು ಹಾಕಿದರು. ಭುಜದ ಮೇಲೆ ಬ್ಯಾಟು, ಮುಖದ ತುಂಬ ನಗು. ಅದೂ ರಾಶಿ ರಾಶಿ ಅಚ್ಚಾದ ಕಾರ್ಡೇ, ಯಾವ ಶೋಗೆ ಹೋದರೂ ಕಣ್ಣಿಗೆ ಬೀಳುತ್ತೆ. ಆದರೂ ಮಾರಾಟಕ್ಕೆ ಇಟ್ಟರೆ ನಿಲ್ಲುವುದಿಲ್ಲ. ಅವತ್ತೂ ನಲವತ್ತು ದಾಟಿದ ಇಬ್ಬರು ಅದರ ಮುಂದೆ ನಿಂತು, ಆ ಕಾಲದಲ್ಲಿ ಪಾಕೆಟ್ ಹಣವನ್ನೆಲ್ಲ ಕೊಟ್ಟು ಕಾರ್ಡಿನ ಪ್ಯಾಕ್ ಒಡೆದಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಹಾಲ್ ಆಫ್ ಫೇಮ್‌ಗೆ 2016ರಲ್ಲಿ ಗ್ರಿಫಿಗೆ ಬಿದ್ದ ಮತ 440ರಲ್ಲಿ 437. ಈ ಅಂಕಿ ಅಪ್ಪನಿಗೆ ಬಹಳ ಇಷ್ಟವಾಯಿತು.

"ಅಂದರೆ ಜನ ದುಡ್ಡು ಕೊಡೋದು ತಮ್ಮ ಹುಡುಗತನಕ್ಕೆ" ಅಂದರು.

ಅದು ನಿಜ. ಮಿಕ್ಕಿ ಮ್ಯಾಂಟಲ್ ಅನ್ನುವ ಹೆಸರು ಈ ಹವ್ಯಾಸದ ತುತ್ತತುದಿಯಲ್ಲಿ ಕೂತಿರುವುದಕ್ಕೂ ಅದೇ ಕಾರಣ. ನ್ಯೂಯಾರ್ಕ್ ಯಾಂಕೀಸ್‌ನ ಹೊಂಬಣ್ಣದ ಕೂದಲಿನ ಹುಡುಗ. ಅಮೆರಿಕದ ಮನೆಮನೆಗೆ ಟೀವಿ ಬಂದ ಹೊತ್ತಿಗೆ ಲೀಗಿನ ಫೈನಲ್ ಆದ ವರ್ಲ್ಡ್ ಸೀರೀಸ್‌ನಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡವನು. ಆಗ ಮಕ್ಕಳಾಗಿದ್ದವರು ದೊಡ್ಡವರಾಗಿ, ಕೈಯಲ್ಲಿ ಕಾಸು ಆಡತೊಡಗಿದ ಮೇಲೆ ಮೊದಲು ಹುಡುಕಿದ್ದು ಅವನನ್ನೇ. ಅವನ 1952ರ ಟಾಪ್ಸ್ ಕಾರ್ಡು, ನಂಬರ್ 311, ರೂಕಿ ಕಾರ್ಡು, ಅಂದರೆ ಆಟಗಾರನ ಮೊಟ್ಟಮೊದಲ ಕಾರ್ಡು ಕೂಡ ಅಲ್ಲ. ಅವನ ರೂಕಿ ಕಾರ್ಡು ಬೋಮನ್ ಕಂಪನಿಯ 1951ರದು. ಆದರೆ 1952ರ ಕೊನೆಯ ಸರಣಿ ಅಂಗಡಿಗೆ ಬರುವಷ್ಟರಲ್ಲಿ ಆಟದ ಋತು ಮುಗಿಯುತ್ತಾ ಬಂದು, ಕಟ್ಟುಗಟ್ಟಲೆ ಹಾಗೇ ಉಳಿಯಿತು. ಟಾಪ್ಸ್‌ನ ಸೈ ಬರ್ಗರ್ 1960ರಲ್ಲಿ ಆ ಕಟ್ಟುಗಳನ್ನೆಲ್ಲ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಅವರೇ ಮುಂದೆ ಇದನ್ನು ಹೇಳಿಕೊಂಡಿದ್ದಾರೆ. ಉಳಿದವುಗಳಲ್ಲಿ ಒಂದು, ಹೊಸದರಂತೆಯೇ ಇದ್ದದ್ದು, 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಹರಾಜಾಯಿತು.

ಅಪ್ಪ ಹೋಮ್ ರನ್ ಎಷ್ಟು ಅಂತ ಕೇಳಿಯೇ ಕೇಳಿದರು. ಮ್ಯಾಂಟಲ್ 536. ಅದೇ ಕಾಲದ ಕಪ್ಪು ಆಟಗಾರರಾದ ವಿಲ್ಲಿ ಮೇಸ್ 660, ಹ್ಯಾಂಕ್ ಏರನ್ 755. ಆದರೂ ಮೇಸ್‌ನ 1951ರ ಕಾರ್ಡಾಗಲಿ ಏರನ್‌ನ 1954ರ ರೂಕಿ ಕಾರ್ಡಾಗಲಿ ಮ್ಯಾಂಟಲ್‌ನ ಹತ್ತಿರಕ್ಕೂ ಬರುವುದಿಲ್ಲ. ನ್ಯೂಯಾರ್ಕ್, ಯಾಂಕೀಸ್, ಟೀವಿ ಎಲ್ಲ ಸರಿ. ಆದರೆ ಇದರಲ್ಲಿ ಚರ್ಮದ ಬಣ್ಣದ ಪಾಲು ಇಲ್ಲವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ. ಬೇಬ್ ರೂತ್‌ನ 714 ಹೋಮ್ ರನ್ನಿನ ದಾಖಲೆ ಹತ್ತಿರ ಬಂದಾಗ ಏರನ್‌ಗೆ ಬಂದ ದ್ವೇಷದ ಪತ್ರಗಳು, ಕೊಲೆ ಬೆದರಿಕೆಗಳು ಚರಿತ್ರೆಯಲ್ಲಿವೆ. ಐವತ್ತರ ದಶಕದಲ್ಲಿ ಯಾವ ಹುಡುಗರ ಕೈಯಲ್ಲಿ ಕಾಸಿತ್ತು, ಅವರು ಯಾರನ್ನು ತಮ್ಮವನು ಅಂದುಕೊಂಡರು ಅನ್ನುವುದೆಲ್ಲ ಈ ಬೆಲೆಗಳಲ್ಲಿ ಇವತ್ತಿಗೂ ಉಳಿದಿದೆ. ಜಾಕಿ ರಾಬಿನ್ಸನ್ ಒಬ್ಬ ಇದನ್ನು ದಾಟಿದ್ದಾನೆ. 1947ರ ಏಪ್ರಿಲ್ 15ರಂದು, ಕಪ್ಪು ಆಟಗಾರರನ್ನು ದೊಡ್ಡ ಲೀಗಿನಿಂದ ಹೊರಗಿಟ್ಟಿದ್ದ ಬಣ್ಣದ ಗೋಡೆ ಒಡೆದು ಮೈದಾನಕ್ಕೆ ಇಳಿದವನು ಆಡಿದ್ದು ಹತ್ತೇ ಸೀಸನ್. ಅವನ ಹಳೇ ಕಾರ್ಡು ಎಷ್ಟೇ ಹರಿದಿರಲಿ, ಮಡಿಸಿರಲಿ, ತಗೊಳ್ಳುವವರು ಇದ್ದೇ ಇರುತ್ತಾರೆ. 42ನೇ ನಂಬರನ್ನು 1997ರಿಂದ ಲೀಗಿನ ಎಲ್ಲ ತಂಡಗಳೂ ಅವನ ಗೌರವಕ್ಕೆ ಎತ್ತಿಟ್ಟಿವೆ.

ಅಷ್ಟರಲ್ಲಿ ಮಗ ಎಲ್ಲಿಂದಲೋ ಬಂದು, ನೂರು ವರ್ಷದ ಹಿಂದಿನ ಪೈರೇಟ್ಸ್ ಆಟಗಾರ ಹೋನಸ್ ವ್ಯಾಗ್ನರ್‌ನ ಕಾರ್ಡು ತೋರಿಸೋಕೆ ತಾತನ ಕೈ ಹಿಡಿದು ಎಳೆದುಕೊಂಡು ಹೋದ. ಅದು ಮರುಮುದ್ರಣ. ಹಾಗಂತ ಚೀಟಿಯನ್ನೂ ಅಂಟಿಸಿದ್ದರು. ಅಸಲಿ ಕಾರ್ಡು 1909ರಿಂದ 1911ರವರೆಗೆ ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದ ಟಿ206 ಸೆಟ್ಟಿನದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ವ್ಯಾಗ್ನರ್ ತನ್ನ ಚಿತ್ರ ಹಾಕಬೇಡಿ ಅಂದಿದ್ದರಿಂದ ಅಚ್ಚು ಬೇಗ ನಿಂತಿತು. ಮಕ್ಕಳು ಕಾರ್ಡಿನಾಸೆಗೆ ಸಿಗರೇಟು ಕೊಳ್ಳುವುದು ಅವನಿಗೆ ಇಷ್ಟವಿರಲಿಲ್ಲ ಅನ್ನುತ್ತಾರೆ, ದುಡ್ಡಿನ ವಿಷಯ ಅನ್ನುವವರೂ ಇದ್ದಾರೆ. ಈಗ ಲೋಕದಲ್ಲಿ ಅರವತ್ತರ ಆಸುಪಾಸು ಉಳಿದಿರಬಹುದು. 2022ರಲ್ಲಿ ಒಂದು 72.5 ಲಕ್ಷ ಡಾಲರ್‌ಗೆ ಕೈಬದಲಾಯಿತು. ವ್ಯಾಗ್ನರ್ ಆಡಿದ್ದನ್ನು ಕಂಡವರು ಯಾರೂ ಇವತ್ತು ಬದುಕಿಲ್ಲ, ಹಾಗಾಗಿ ಹುಡುಗತನದ ಮಾತು ಇಲ್ಲಿಗೆ ಹೊಂದುವುದಿಲ್ಲ. ಸಿಗದೇ ಇರುವುದೇ ಅವನ ಮಹಿಮೆ. ಪಿಟ್ಸ್‌ಬರ್ಗ್‌ನವರಾದ ನಮಗೆ ಮಾತ್ರ ಅವನು ಊರಿನ ಮನುಷ್ಯ. ಸ್ಟೇಡಿಯಂ ಬಾಗಿಲಲ್ಲಿ ಬ್ಯಾಟು ಬೀಸಿ ನಿಂತಿರುವ ಕಂಚಿನ ಪ್ರತಿಮೆಯ ಕೆಳಗೆ ಎಷ್ಟೋ ಸಲ ಸ್ನೇಹಿತರಿಗಾಗಿ ಕಾದಿದ್ದೇನೆ.

ಮಗನ ದೇವರು ಬೇರೆ. ಪೈರೇಟ್ಸ್‌ನ ಬೌಲರ್, ಅಂದರೆ ಪಿಚರ್, ಪಾಲ್ ಸ್ಕೀನ್ಸ್. 2024ರ ಮೇ 11ರಂದು ಮೊದಲ ಪಂದ್ಯ ಆಡಿದಾಗ ಅವನ ಅಂಗಿಯ ಮೇಲಿದ್ದ ಬಟ್ಟೆಯ ಗುರುತನ್ನೇ ಕತ್ತರಿಸಿ ಒಂದು ಕಾರ್ಡಿಗೆ ಹೊಲಿದಿದ್ದರು, ಅಂಥದ್ದು ಒಂದೇ ಒಂದು. ಲಾಸ್ ಏಂಜಲೀಸ್ ಕಡೆಯ ಹನ್ನೊಂದು ವರ್ಷದ ಹುಡುಗನಿಗೆ ಅದು ಪ್ಯಾಕಿನಲ್ಲಿ ಸಿಕ್ಕಿತು. ನಮ್ಮ ತಂಡದವರು ಅದಕ್ಕೆ ಬದಲಾಗಿ ಮೂವತ್ತು ವರ್ಷದ ಸೀಸನ್ ಟಿಕೆಟ್ ಕೊಡುತ್ತೇವೆ ಅಂದರು. ಆ ಮನೆಯವರು ಹರಾಜಿಗಿಟ್ಟರು, 2025ರ ಮಾರ್ಚ್‌ನಲ್ಲಿ 11.1 ಲಕ್ಷ ಡಾಲರ್ ಬಂತು. ಅವತ್ತು ಹಾಲ್‌ನಲ್ಲಿ ಮಕ್ಕಳ ಬಾಯಲ್ಲಿ ಕೇಳಿದ್ದು ಎರಡೇ ಹೆಸರು: ಸ್ಕೀನ್ಸ್, ಇನ್ನೊಂದು ಶೋಹೇ ಒಟಾನಿ. ಒಟಾನಿ ಪಿಚಿಂಗೂ ಮಾಡುತ್ತಾನೆ, ಬ್ಯಾಟಿಂಗೂ ಮಾಡುತ್ತಾನೆ. 2024ರಲ್ಲಿ 54 ಹೋಮ್ ರನ್ ಹೊಡೆದು 59 ಬೇಸ್ ಕದ್ದ, ಅಂದರೆ ಯಾರೂ ಚೆಂಡು ಹೊಡೆಯದೆಯೇ ಮುಂದಿನ ಬೇಸ್‌ಗೆ ಓಡಿ ಮುಟ್ಟಿದ. ಒಂದೇ ಸೀಸನ್‌ನಲ್ಲಿ ಎರಡೂ ಐವತ್ತು ದಾಟಿದ್ದು ಅವನೊಬ್ಬನೇ. ಅವನ ಕಾರ್ಡಿಗೆ ಜಪಾನ್‌ನಿಂದಲೂ ಕೊಳ್ಳುವವರಿದ್ದಾರೆ.

ನನಗೆ ಬೇಕಾದ್ದು ಸಿಕ್ಕಿದ್ದು ಹಿಂದಿನ ಸಾಲಿನ ಮೂಲೆಯ ಟೇಬಲ್ಲಿನಲ್ಲಿ. ವಯಸ್ಸಾದ ವ್ಯಾಪಾರಿ, ಪೈರೇಟ್ಸ್ ಬಿಟ್ಟರೆ ಬೇರೆ ತಂಡದ ಕಾರ್ಡು ಇಡುವುದಿಲ್ಲವಂತೆ. ಕ್ಲೆಮೆಂಟೆಯ ಕಾರ್ಡುಗಳನ್ನು ವರ್ಷದ ಪ್ರಕಾರ ಜೋಡಿಸಿದ್ದರು. ಅಪ್ಪ ಬಗ್ಗಿ ಒಂದೊಂದನ್ನೇ ಓದುತ್ತಾ ಬಂದವರು, "ಇದೇನೋ, ಇಲ್ಲಿ ರಾಬರ್ಟೊ ಅಂತಿದೆ, ಇಲ್ಲಿಂದ ಬಾಬ್ ಅಂತಿದೆ?" ಅಂದರು.

ಅಪ್ಪನ ಕಣ್ಣು ಸರಿಯಾದ ಜಾಗಕ್ಕೇ ಹೋಗಿತ್ತು. 1957ರಿಂದ 1969ರವರೆಗೆ ಟಾಪ್ಸ್ ಕಾರ್ಡುಗಳಲ್ಲಿ ಅವನು ಬಾಬ್ ಕ್ಲೆಮೆಂಟೆ. ಪೋರ್ಟೊ ರಿಕೊದ ಹುಡುಗನಿಗೆ ಅಮೆರಿಕದವರು ತಮ್ಮ ನಾಲಗೆಗೆ ಹೊಂದುವ ಹೆಸರು ಇಟ್ಟುಬಿಟ್ಟಿದ್ದರು. ಅವನಿಗೆ ಅದು ಬೇಡವಾಗಿತ್ತು, ನನ್ನ ಹೆಸರು ರಾಬರ್ಟೊ ಅಂತ ಹೇಳುತ್ತಲೇ ಇದ್ದ. ವರ್ಲ್ಡ್ ಸೀರೀಸ್ ಗೆದ್ದ ಮೇಲೂ, ನಾಲ್ಕು ಸಲ ಬ್ಯಾಟಿಂಗ್ ಪಟ್ಟ ಪಡೆದ ಮೇಲೂ ಕಾರ್ಡಿನಲ್ಲಿ ಬಾಬ್. 1970ರಲ್ಲಿ ಹೆಸರು ಸರಿಯಾಯಿತು. ಕಚೇರಿಯಲ್ಲಿ ನನ್ನ ಹೆಸರನ್ನೂ ಮೊಟಕು ಮಾಡಿಯೇ ಕರೆಯುತ್ತಾರೆ, ಹಾಗಾಗಿ ಆ ಸಾಲನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತೆ.

1972ರ ಸೆಪ್ಟೆಂಬರ್ 30ರಂದು ಕ್ಲೆಮೆಂಟೆ ಮೂರು ಸಾವಿರನೇ ಹಿಟ್ ಹೊಡೆದ. ಹಿಟ್ ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟುವುದು. ಡಿಸೆಂಬರ್‌ನಲ್ಲಿ ನಿಕರಾಗುವಾದ ಮನಾಗುವಾದಲ್ಲಿ ಭೂಕಂಪವಾಯಿತು. ಕಳಿಸಿದ ನೆರವು ಜನಕ್ಕೆ ಮುಟ್ಟುತ್ತಿಲ್ಲ ಅಂತ ತಿಳಿದು, ತಾನೇ ಹೋಗಿ ಹಂಚುತ್ತೇನೆ ಅಂತ ಡಿಸೆಂಬರ್ 31ರ ರಾತ್ರಿ ಸಾಮಾನು ತುಂಬಿದ ವಿಮಾನ ಹತ್ತಿದ. ವಿಮಾನ ಸಮುದ್ರಕ್ಕೆ ಬಿತ್ತು, ದೇಹ ಸಿಗಲೇ ಇಲ್ಲ. ಆಗ ಅವನಿಗೆ 38. ಆ ಮೇಲೆ ಬಂದದ್ದು ನಾನು ಹುಡುಕುತ್ತಿದ್ದ 1973ರ ಕಾರ್ಡು, ನಂಬರ್ 50. ಅವನು ಹೋದ ಸುದ್ದಿ ಅದರಲ್ಲಿ ಎಲ್ಲೂ ಇಲ್ಲ. ಅಡ್ಡಡ್ಡ ಅಚ್ಚಾದ ಚಿತ್ರದಲ್ಲಿ ಬ್ಯಾಟು ಹಿಡಿದು ನಿಂತಿದ್ದಾನೆ. ಹಿಂಬದಿಯ ಪಟ್ಟಿಯಲ್ಲಿ ಹಿಟ್ಟುಗಳ ಒಟ್ಟು ಮೊತ್ತ 3000.

ಅಪ್ಪ ಅದನ್ನು ಪ್ಲಾಸ್ಟಿಕ್ ಕವರಿನೊಂದಿಗೇ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನಮ್ಮ ವಿಶಿ ಥರ ಅನ್ನು" ಅಂದರು. ಗವಾಸ್ಕರ್ ಹತ್ತು ಸಾವಿರ ದಾಟಿದ, ವಿಶ್ವನಾಥ್ ಆರು ಸಾವಿರ ಚಿಲ್ಲರೆ. ಆದರೆ ಭದ್ರಾವತಿಯ ಆ ಪುಟ್ಟ ಆಳು ಸ್ಕ್ವೇರ್ ಕಟ್ ಹೊಡೆದದ್ದನ್ನು, 1980ರ ಮುಂಬಯಿ ಟೆಸ್ಟಿನಲ್ಲಿ ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರ್‌ನನ್ನು ವಾಪಸ್ ಕರೆದದ್ದನ್ನು ಅಪ್ಪ ಇವತ್ತಿಗೂ ಕಣ್ಣರಳಿಸಿ ಹೇಳುತ್ತಾರೆ. ಆ ಪಂದ್ಯ ನಾವು ಸೋತೆವು ಅನ್ನುವುದನ್ನು ಅವರು ಲೆಕ್ಕಕ್ಕೇ ಇಡುವುದಿಲ್ಲ. ಅವರ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಅವರ ಹತ್ತಿರವೇ ಇತ್ತು.

ಕಾರ್ಡಿನ ಎಡಗಡೆ ಮೇಲಿನ ಮೂಲೆ ಸ್ವಲ್ಪ ಸವೆದಿತ್ತು, ಚಿತ್ರವೂ ಒಂದು ಪಕ್ಕಕ್ಕೆ ವಾಲಿತ್ತು. ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವ ಗ್ರೇಡಿಂಗ್‌ಗೆ ಕಳಿಸಿದರೆ ಹತ್ತಕ್ಕೆ ಐದೋ ಆರೋ ಬರಬಹುದಾದ ಕಾರ್ಡು. ವ್ಯಾಪಾರಿ ಎಪ್ಪತ್ತು ಡಾಲರ್ ಅಂದರು, ನಾನು ಐವತ್ತೈದು ಅಂದೆ. ಅವರು ಒಪ್ಪಲಿಲ್ಲ. ಅಪ್ಪ ಕನ್ನಡದಲ್ಲಿ, "ಕೊಟ್ಟುಬಿಡಪ್ಪ, ಇವನ ಮೇಲೆಲ್ಲ ಚೌಕಾಸಿ ಮಾಡಬಾರದು" ಅಂದರು. ನಾನು ಅಪ್ಪ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ವ್ಯಾಪಾರಿ ನಕ್ಕು ಅರವತ್ತಕ್ಕೆ ಇಳಿಸಿದ್ದಲ್ಲದೆ, ತಾವು ಹುಡುಗನಾಗಿದ್ದಾಗ ಬಲಗಡೆ ಮೈದಾನದಿಂದ ಕ್ಲೆಮೆಂಟೆ ಎಸೆದ ಚೆಂಡು ನೆಲ ಮುಟ್ಟದೆ ಮೂರನೇ ಬೇಸ್‌ಗೆ ಬಂದದ್ದನ್ನು ಕೈ ಬೀಸಿ ತೋರಿಸಿದರು. ಈಗಿನ ಸ್ಟೇಡಿಯಮ್ಮಿನ ಬಲಗಡೆ ಗೋಡೆ ಇಪ್ಪತ್ತೊಂದು ಅಡಿ ಇರುವುದು ಅವನ ಅಂಗಿಯ ನಂಬರ್ 21 ಅಂತಲೇ ಅನ್ನುವುದನ್ನು ಅಪ್ಪನಿಗೆ ಹೇಳಿದವರೂ ಅವರೇ.

ಮಗ ಅಷ್ಟರಲ್ಲಿ ತನ್ನ ಎರಡು ಒಟಾನಿ ಕೊಟ್ಟು ಒಂದು ಸ್ಕೀನ್ಸ್ ರೂಕಿ ಕಾರ್ಡು ತಂದಿದ್ದ. ಒಳ್ಳೆಯ ವ್ಯಾಪಾರವೋ ಅಲ್ಲವೋ ಅಂತ ತಾತನಿಗೂ ಮೊಮ್ಮಗನಿಗೂ ಕಾರಿನಲ್ಲಿ ಚರ್ಚೆ. ನನಗೆ ಇನ್ನು ಬೇಕಿರುವುದು 1955ರ ಕಾರ್ಡು, ರಾಬರ್ಟೊ ಅಂತ ಸರಿಯಾಗಿ ಅಚ್ಚಾದ ಮೊದಲನೆಯದು. ಅದಕ್ಕೆ ಸಾವಿರಾರು ಡಾಲರ್ ಆಗುತ್ತೆ. ಮಡಿಕೆ ಬಿದ್ದದ್ದಾದರೂ ಸರಿ, ಯಾರಾದರೂ ಹಿಂದೆ ಪೆನ್ಸಿಲ್‌ನಲ್ಲಿ ಗೀಚಿದ್ದಾದರೂ ಸರಿ ಅಂತ ಆ ವ್ಯಾಪಾರಿಗೆ ಹೇಳಿ ಫೋನ್ ನಂಬರ್ ಕೊಟ್ಟು ಬಂದಿದ್ದೇನೆ.