ಆ ತಾಯಿ ಯಾಕೆ ಅಳಲಿಲ್ಲ?

ಸಿನಿಮಾ ಶುರುವಾಗಿ ಕಾಲು ಗಂಟೆಯೂ ಆಗಿರಲಿಲ್ಲ, ಅಕ್ಕ ತೀರ್ಪು ಕೊಟ್ಟುಬಿಟ್ಟಳು. "ಇವಳೇ ಏನೋ ಮಾಡಿದ್ದಾಳೆ, ನೋಡ್ತಿರು."

ಹುಡುಗ ಶಾಲೆಯಿಂದ ಮನೆಗೆ ಬಂದಿಲ್ಲ. ಅಪ್ಪ ಮಗನ ಹೆಸರು ಕೂಗುತ್ತಾ ಬೀದಿ ಬೀದಿ ಅಲೆಯುತ್ತಿದ್ದಾನೆ. ತಾಯಿ ಮಾತ್ರ ಇನ್‌ಸ್ಪೆಕ್ಟರ್ ಎದುರು ಕೂತು, ಮಗ ಯಾವ ಅಂಗಿ ಹಾಕಿದ್ದ, ಬ್ಯಾಗಿನ ಜಿಪ್ ಎಲ್ಲಿ ಕಿತ್ತಿತ್ತು ಎಂದು ಒಂದೊಂದಾಗಿ ಹೇಳುತ್ತಾಳೆ. ಕಣ್ಣಲ್ಲಿ ಹನಿ ನೀರಿಲ್ಲ. ಇನ್‌ಸ್ಪೆಕ್ಟರ್ ಹೋದ ಮೇಲೆ ಎದ್ದು ಮಗನ ಬಟ್ಟೆ ಮಡಚಿಡುತ್ತಾಳೆ.

"ಮಗು ಕಳಕೊಂಡವಳು ಹೀಗಿರ್ತಾಳಾ?"

ಅಕ್ಕನಿಗೆ ಹಾಗನ್ನಿಸಲಿ ಅಂತಲೇ ನಿರ್ದೇಶಕ ಆ ದೃಶ್ಯ ಇಟ್ಟಿದ್ದು. ಥ್ರಿಲ್ಲರ್ ನೋಡಿ ನೋಡಿ ಈ ಪಟ್ಟು ನನಗೆ ಪರಿಚಯ. ಹಿನ್ನೆಲೆ ಸಂಗೀತ ನಿಲ್ಲುತ್ತದೆ, ಕ್ಯಾಮೆರಾ ಆಕೆಯ ಮುಖದ ಮೇಲೆ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ. ಉಳಿದ ಅನುಮಾನವನ್ನು ನಾವೇ ತುಂಬಿಕೊಳ್ಳುತ್ತೇವೆ. ಮನೆಯವರನ್ನು ಪೊಲೀಸರು ಮೊದಲು ವಿಚಾರಿಸುವುದು ಸರಿಯೇ. ಆದರೆ ಅವರು ಕೇಳಬೇಕಾದ್ದು ಯಾರು ಯಾವ ಹೊತ್ತಿಗೆ ಎಲ್ಲಿದ್ದರು ಎಂದು. ಪ್ರೇಕ್ಷಕರಾದ ನಾವು ಅಳೆಯುವುದು ಕಣ್ಣೀರನ್ನು.

ಅಕ್ಕ ನೀರು ಕುಡಿಯಲು ಎದ್ದಾಗ ಸಿನಿಮಾ ನಿಲ್ಲಿಸಿ ಲಿಂಡಿ ಚೇಂಬರ್ಲಿನ್ ಕಥೆ ಹೇಳಿದೆ.

1980ರ ಆಗಸ್ಟ್ 17ರ ರಾತ್ರಿ. ಆಸ್ಟ್ರೇಲಿಯಾದ ಉಲುರು ಬಂಡೆಯ ಹತ್ತಿರ ಅವರ ಕುಟುಂಬ ಟೆಂಟ್ ಹಾಕಿತ್ತು. ಒಂಬತ್ತು ವಾರದ ಹೆಣ್ಣುಮಗು ಅಜಾರಿಯಾ ಟೆಂಟಿನಿಂದ ಕಾಣೆಯಾಯಿತು. ಡಿಂಗೋ, ಅಂದರೆ ಅಲ್ಲಿನ ಕಾಡುನಾಯಿ, ಹೊತ್ತುಕೊಂಡು ಹೋಯಿತೆಂದು ತಾಯಿ ಕೂಗಿಕೊಂಡರು. ಕೊರೋನರ್, ಅಂದರೆ ಅಸಹಜ ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿ, ನಡೆಸಿದ ಮೊದಲ ವಿಚಾರಣೆ ಅದನ್ನು ಒಪ್ಪಿತು ಕೂಡ. ಜನ ಒಪ್ಪಲಿಲ್ಲ. ಟಿವಿಯಲ್ಲಿ ಆಕೆ ಬಿಗಿಮುಖದಲ್ಲಿ ಮಾತಾಡಿದ್ದರು, ಹಾಕಿಕೊಂಡ ಬಟ್ಟೆ ಕೂಡ ಚರ್ಚೆಗೆ ಬಂತು. 1982ರಲ್ಲಿ ಕೊಲೆಗಾರ್ತಿ ಎಂದು ಜೀವಾವಧಿ ಶಿಕ್ಷೆಯಾದಾಗ ಆಕೆ ತುಂಬು ಗರ್ಭಿಣಿ. ಕಾರಿನೊಳಗೆ ಚಿಮ್ಮಿದ ರಕ್ತ ಎಂದು ನ್ಯಾಯಾಲಯಕ್ಕೆ ತೋರಿಸಿದ್ದು, ಕಾರು ತಯಾರಿಸುವಾಗ ಸದ್ದು ತಡೆಯಲು ಬಳಿದ ಲೇಪ ಎಂದು ಆಮೇಲೆ ಗೊತ್ತಾಯಿತು! 1986ರಲ್ಲಿ ಡಿಂಗೋಗಳು ಓಡಾಡುವ ಜಾಗದಲ್ಲಿ ಮಗುವಿನ ಪುಟ್ಟ ಕೋಟು ಸಿಕ್ಕಿ ಆಕೆ ಹೊರಬಂದರು. 1988ರಲ್ಲಿ ತೀರ್ಪು ರದ್ದಾಯಿತು. ಸಾವಿಗೆ ಡಿಂಗೋ ಕಾರಣ ಎಂದು ದಾಖಲೆಯಲ್ಲಿ ಬರೆಸಿಕೊಳ್ಳಲು 2012ರವರೆಗೆ ಕಾಯಬೇಕಾಯಿತು.

"ಅವಳು ಅಳಲೇ ಇಲ್ವಾ ಹಾಗಾದ್ರೆ?"

"ಅತ್ತಿರ್ತಾಳೆ. ಕ್ಯಾಮೆರಾ ಮುಂದೇನೇ ಅಳಬೇಕಾ?"

ಅಕ್ಕ ಉತ್ತರಿಸದೆ ರಿಮೋಟ್ ಒತ್ತಿದಳು.

ಮುಂದಿನ ಅರ್ಧ ಓಟ, ಬೆನ್ನಟ್ಟುವಿಕೆ, ಫೋನ್ ಟವರ್ ಲೆಕ್ಕ. ಅದರ ಬಗ್ಗೆ ಹೇಳುವುದೇನಿಲ್ಲ. ನಡುವೆ ಒಂದು ಮಾತು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಗಂಡ "ನಿನಗೆ ಕಲ್ಲೆದೆಯಾ" ಎಂದು ಕಿರುಚಿದಾಗ ಆಕೆ ಹೇಳುತ್ತಾಳೆ, "ಅತ್ತರೆ ಅವನು ಇಲ್ಲ ಅಂತ ಒಪ್ಪಿಕೊಂಡ ಹಾಗೆ." ಸತ್ತರೆಂದು ಅಳಲೂ ಆಗದ, ಬರುತ್ತಾರೆಂದು ನೆಮ್ಮದಿಯಿಂದ ಕಾಯಲೂ ಆಗದ ಈ ಸಂಕಟಕ್ಕೆ ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ 'ಆಂಬಿಗ್ಯುಯಸ್ ಲಾಸ್' (ಖಚಿತವಿಲ್ಲದ ಅಗಲಿಕೆ) ಎಂದು ಹೆಸರಿಟ್ಟಿದ್ದಾರೆ. 1979ರ ಮೇ 25ರಂದು ನ್ಯೂಯಾರ್ಕಿನಲ್ಲಿ ಶಾಲಾ ಬಸ್ಸಿಗೆಂದು ಮೊದಲ ಸಲ ಒಬ್ಬನೇ ಹೊರಟ ಆರು ವರ್ಷದ ಎಟನ್ ಪಾಟ್ಜ್ ಮನೆಗೆ ಮರಳಲಿಲ್ಲ. ಅವನ ತಂದೆತಾಯಿ ದಶಕಗಳ ಕಾಲ ಅದೇ ಮನೆಯಲ್ಲೇ ಇದ್ದರು, ಫೋನ್ ನಂಬರನ್ನೂ ಬದಲಿಸಲಿಲ್ಲ. ಮಗ ಎಂದಾದರೂ ಫೋನ್ ಮಾಡಿದರೆ ಅಂತ. ಚಿತ್ರಕಥೆ ಬರೆದವರಿಗೆ ಇಂಥ ಯಾವುದೋ ಮನೆಯ ಪರಿಚಯ ಇದ್ದಿರಬೇಕು.

ಕೊನೆಗೆ ಸಿಕ್ಕಿಬಿದ್ದವನು, ಹುಡುಕಾಟದಲ್ಲಿ ಎಲ್ಲರಿಗಿಂತ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತಿದ್ದ ಪಕ್ಕದ ಮನೆಯವನು. (ಇದೂ ಹಳೆಯ ಪಟ್ಟೇ, ಬಿಡಿ.) ಅಕ್ಕನ ಕಡೆ ತಿರುಗಿ ನೋಡಿದೆ.

"ಏನೇ ಹೇಳು," ಅಂದಳು, "ಒಂಚೂರಾದ್ರೂ ಅಳಬೇಕಿತ್ತಪ್ಪ ಅವಳು."