ಸ್ಲ್ಯಾಬ್ ಬಿರುಕು ಬಿಟ್ಟಾಗ ಮೊದಲು ಜಾಗ ನೋಡಿ

ಉಕ್ಕಿನ ಕಾರ್ಖಾನೆಯಲ್ಲಿ ಎರಕ ಹೊಯ್ದ ಸ್ಲ್ಯಾಬಿನಲ್ಲಿ, ಅಂದರೆ ಉಕ್ಕಿನ ದಪ್ಪ ಹಲಗೆಯಲ್ಲಿ, ಬಿರುಕು ಕಂಡ ಕೂಡಲೇ ಎರಕ ಹೊಯ್ಯುವ ಕಾಸ್ಟರ್‌ನವರು ಉಕ್ಕು ಕರಗಿಸುವ ಮೆಲ್ಟಿಂಗ್‌ನವರನ್ನು ಬೈಯುತ್ತಾರೆ, ಮೆಲ್ಟಿಂಗ್‌ನವರು ಕಾಸ್ಟರ್‌ನವರನ್ನು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು 1923ರಲ್ಲಿ. ಹಾಗಾಗಿ ನಮ್ಮ ಜಿಲ್ಲೆಯವರಿಗೆ ಈ ಜಗಳ ಹೊಸದಲ್ಲ. ಉಕ್ಕನ್ನು ಒಂದೊಂದೇ ಅಚ್ಚಿಗೆ ಹೊಯ್ಯುತ್ತಿದ್ದ ಇಂಗಾಟ್ ಕಾಲದಲ್ಲೂ ಇತ್ತು, ಈಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಹುಡುಗರ ಬಾಯಲ್ಲೂ ಇದೆ. ಜಗಳಕ್ಕೆ ಮೊದಲು ಬಿರುಕು ಎಲ್ಲಿದೆ, ಯಾವ ದಿಕ್ಕಿಗೆ ಓಡಿದೆ ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನೀರಿನಿಂದ ತಂಪಾಗುವ ತಾಮ್ರದ ಅಚ್ಚಿನಿಂದ, ಅಂದರೆ ಮೌಲ್ಡ್‌ನಿಂದ, ಹೊರಬರುವ ಸ್ಲ್ಯಾಬ್ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಹೊರಗೆ ಅಚ್ಚುಬೆಲ್ಲ, ಒಳಗೆ ಜೋನಿಬೆಲ್ಲ. ನಿಮಿಷಕ್ಕೆ 1.2 ಮೀಟರ್ ವೇಗದಲ್ಲಿ ಎಳೆಯುವಾಗ ಮೌಲ್ಡ್‌ನ ಕೆಳಬಾಯಲ್ಲಿ ಹೊರಗಿನ ಗಟ್ಟಿ ಚಿಪ್ಪಿನ ದಪ್ಪ ಸುಮಾರು 15ರಿಂದ 20 ಮಿ.ಮೀ. ಅಷ್ಟೇ. 200 ಮಿ.ಮೀ. ದಪ್ಪದ ಸ್ಲ್ಯಾಬ್ ನಡುವಿನವರೆಗೆ ಗಟ್ಟಿಯಾಗಲು ಸುಮಾರು 15 ನಿಮಿಷ ಬೇಕು, ಅಂದರೆ 18 ಮೀಟರ್ ದೂರ. ಈ ದಾರಿಯುದ್ದಕ್ಕೂ ಚಿಪ್ಪನ್ನು ಎಳೆಯುತ್ತೇವೆ, ಬಗ್ಗಿಸುತ್ತೇವೆ, ನೀರು ಹೊಡೆಯುತ್ತೇವೆ.

ಅಗಲದ ಮುಖದ ನಡುವೆ ಉದ್ದಕ್ಕೆ ಓಡಿದ ಬಿರುಕಾದರೆ ಅದು ಹುಟ್ಟಿದ್ದು ಮೌಲ್ಡ್‌ನಲ್ಲೇ. ಸ್ಪ್ರೇ ನೀರು ಅದನ್ನು ಅಗಲ ಮಾಡುತ್ತದೆ, ಹುಟ್ಟಿಸುವುದಿಲ್ಲ. ಮೊದಲು ಕಾರ್ಬನ್ ನೋಡಿ. 0.09ರಿಂದ 0.15 ಶೇಕಡಾ ನಡುವೆ ಇದ್ದರೆ ಅದು ಪೆರಿಟೆಕ್ಟಿಕ್ ಗ್ರೇಡ್. ಗಟ್ಟಿಯಾದ ಕೂಡಲೇ ಹರಳಿನ ರಚನೆ ಬದಲಾಗಿ ಚಿಪ್ಪು ಹಠಾತ್ತನೆ ಕುಗ್ಗುತ್ತದೆ, ತಾಮ್ರದ ಗೋಡೆಯಿಂದ ಅಲ್ಲಲ್ಲಿ ಬಿಟ್ಟುಕೊಳ್ಳುತ್ತದೆ. ಬಿಟ್ಟ ಜಾಗದಲ್ಲಿ ಚಿಪ್ಪು ತೆಳು, ತೆಳುವಾದಲ್ಲೇ ಸೀಳು. ಇಂಥ ಗ್ರೇಡಿಗೆ ಶಾಖವನ್ನು ನಿಧಾನವಾಗಿ ಎಳೆಯುವ ಮೌಲ್ಡ್ ಪೌಡರ್ (ಕರಗಿದ ಉಕ್ಕಿನ ಮೇಲೆ ಸುರಿಯುವ, ಕರಗಿ ಚಿಪ್ಪು ಮತ್ತು ತಾಮ್ರದ ನಡುವೆ ಇಳಿಯುವ ಪುಡಿ) ಬೇಕು: ಸುಣ್ಣ ಮತ್ತು ಸಿಲಿಕಾದ ಅನುಪಾತ 1.2ಕ್ಕಿಂತ ಮೇಲಿರುವ, ಬೇಗ ಹರಳುಗಟ್ಟುವ ಪೌಡರ್. ಸ್ಟೋರಿನಲ್ಲಿ ಇದ್ದ ಒಂದೇ ಪೌಡರನ್ನು ಎಲ್ಲ ಗ್ರೇಡಿಗೂ ಸುರಿಯುವುದು ಉಳಿತಾಯವಲ್ಲ, ಉಳಿಸಿದ ದುಡ್ಡು ಬಿರುಕನ್ನು ಜ್ವಾಲೆಯಿಂದ ಸುಟ್ಟು ತೆಗೆಯುವ ಸ್ಕಾರ್ಫಿಂಗ್ ಗ್ಯಾಸಿಗೆ ಹೋಗುತ್ತದೆ. ಗಂಧಕ 0.015 ಶೇಕಡಾ ದಾಟದಿರಲಿ, ಮ್ಯಾಂಗನೀಸ್ ಅದರ 25–30 ಪಟ್ಟು ಇರಲಿ. ಮ್ಯಾಂಗನೀಸ್ ಸಾಲದಿದ್ದರೆ ಕಬ್ಬಿಣದ ಸಲ್ಫೈಡ್ ಹರಳುಗಳ ಅಂಚಿನಲ್ಲಿ ಪೊರೆಯಂತೆ ಕೂರುತ್ತದೆ. ಸುಮಾರು 990 ಡಿಗ್ರಿವರೆಗೂ ಆ ಪೊರೆ ದ್ರವವಾಗಿಯೇ ಇರುವುದರಿಂದ ಅಲ್ಲಿ ಹಿಡಿತವೇ ಇರುವುದಿಲ್ಲ.

ರಸಾಯನ ಸರಿ ಇದ್ದೂ ಬಿರುಕು ಬಂದರೆ ಮೌಲ್ಡ್‌ನ ಮೇಲೇ ನಿಂತು ನೋಡಬೇಕು. ಉಕ್ಕು ಸುರಿಯುವ ನಾಝಲ್ ನಡುವಿಗೆ ಕೂತಿದೆಯೇ, ಉಕ್ಕಿನ ಮಟ್ಟದ ಏರಿಳಿತ 3 ಮಿ.ಮೀ. ಒಳಗಿದೆಯೇ, ಪೌಡರಿನ ದ್ರವ ಪದರ ಎಷ್ಟಿದೆ? ಕೊನೆಯದನ್ನು ಅಳೆಯಲು ದೊಡ್ಡ ಉಪಕರಣ ಬೇಡ. ಒಂದು ಪಟ್ಟಿಗೆ ಉಕ್ಕಿನ ತಂತಿ, ತಾಮ್ರದ ತಂತಿ ಎರಡನ್ನೂ ಒಂದೇ ಉದ್ದಕ್ಕೆ ಕತ್ತರಿಸಿ ಕಟ್ಟಿ, ನೆಟ್ಟಗೆ ಕೆಲವು ಸೆಕೆಂಡ್ ಮುಳುಗಿಸಿ ಎತ್ತಿ. ಉಕ್ಕಿನ ತಂತಿ ಕರಗಿದ ಉಕ್ಕಿನ ಮಟ್ಟದಲ್ಲಿ ತುಂಡಾಗಿರುತ್ತದೆ, 1083 ಡಿಗ್ರಿಗೆ ಕರಗುವ ತಾಮ್ರ ಇನ್ನೂ ಮೇಲೆ. ಎರಡು ತುದಿಗಳ ನಡುವಿನ ಅಂತರವೇ ದ್ರವ ಪದರ. 8ರಿಂದ 15 ಮಿ.ಮೀ. ಇದ್ದರೆ ಚಿಂತೆಯಿಲ್ಲ. 5ಕ್ಕೆ ಇಳಿದರೆ ಚಿಪ್ಪು ಮತ್ತು ತಾಮ್ರದ ನಡುವೆ ಪೌಡರ್ ಒಂದೇ ಸಮನೆ ಇಳಿಯುವುದಿಲ್ಲ. ಅಗಲದ ಕಾಲುಭಾಗ, ನಡು, ಮುಕ್ಕಾಲು, ಹೀಗೆ ಮೂರು ಕಡೆ ಅಳೆಯಿರಿ. ಒಂದೇ ಕಡೆ ಅಳೆದ ಲೆಕ್ಕಕ್ಕೆ ಬೆಲೆ ಇಲ್ಲ.

ಮೂಲೆಯಲ್ಲಿ ಅಡ್ಡ ಬಿರುಕು ಇದ್ದರೆ ಕಥೆ ಬೇರೆ. ನಯೋಬಿಯಂ, ವೆನೇಡಿಯಂ, ಅಲ್ಯೂಮಿನಿಯಂ ಇರುವ ಗ್ರೇಡುಗಳಿಗೆ 700ರಿಂದ 900 ಡಿಗ್ರಿ ನಡುವೆ ಒಂದು ಪೆಡಸು ವಲಯವಿದೆ. ನೈಟ್ರೈಡ್‌ಗಳು ಹರಳಿನ ಅಂಚಿಗೆ ಬಂದು ಕೂರುತ್ತವೆ, ಬಗ್ಗಿಸಿದರೆ ಅಂಚಿನಲ್ಲೇ ಬಿಡುತ್ತದೆ. ಮೂಲೆಗೆ ಎರಡು ಮುಖದಿಂದ ತಂಪು ತಗಲುವುದರಿಂದ, ಬಾಗಿ ಇಳಿದ ಸ್ಲ್ಯಾಬನ್ನು ನೆಟ್ಟಗೆ ಮಾಡುವ ರೋಲರ್‌ಗಳಿಗೆ ಬರುವಷ್ಟರಲ್ಲಿ ಅದು ಸರಿಯಾಗಿ ಈ ವಲಯದಲ್ಲೇ ಇರುತ್ತದೆ. ದಾರಿ ಎರಡು: ಅಂಚಿನ ಸ್ಪ್ರೇ ನಾಝಲ್ ಮುಚ್ಚಿ ಮೂಲೆಯನ್ನು 900ರ ಮೇಲಿಡಿ, ಇಲ್ಲವೇ 700ರ ಕೆಳಗೆ ಇಳಿಸಿಬಿಡಿ. ಮೊದಲನೆಯದೇ ಸುಲಭ. ದೂರದಿಂದ ಬಿಸಿ ಅಳೆಯುವ ಪೈರೋಮೀಟರ್ ಹಿಡಿಯುವಾಗ ಎಚ್ಚರ, ಸ್ಕೇಲ್ (ಮೇಲ್ಮೈಗೆ ಕಟ್ಟಿದ ಆಕ್ಸೈಡ್ ಪದರ) ಮೇಲೆ ಬಿದ್ದರೆ ಕಡಿಮೆ ತೋರಿಸುತ್ತದೆ. ಹತ್ತು ಸಲ ಓದಿ ಅತಿ ಹೆಚ್ಚಿನದನ್ನು ಬರೆದುಕೊಳ್ಳಿ.

ಈ ಬಿರುಕು ಅಡಗುವುದು ಮೌಲ್ಡ್ ಮೇಲೆ ಕೆಳಗೆ ಆಡುವುದರಿಂದ ಸ್ಲ್ಯಾಬಿನ ಮೇಲೆ ಮೂಡುವ ಆಸಿಲೇಶನ್ ಗೆರೆಯ ಬುಡದಲ್ಲಿ. ಗೆರೆ ಆಳವಾದಷ್ಟೂ ಬಿರುಕಿಗೆ ಅನುಕೂಲ. 1.2 ಮೀಟರ್ ವೇಗಕ್ಕೆ ಸ್ಟ್ರೋಕ್ (ಮೌಲ್ಡ್ ಆಡುವ ದೂರ) 8 ಮಿ.ಮೀ., ನಿಮಿಷಕ್ಕೆ 120 ಸಲ ಇಟ್ಟರೆ ಗೆರೆಗಳ ಅಂತರ 10 ಮಿ.ಮೀ., ಮೌಲ್ಡ್ ಸ್ಲ್ಯಾಬಿಗಿಂತ ವೇಗವಾಗಿ ಕೆಳಗಿಳಿಯುವ ಹೊತ್ತು ಸುಮಾರು 0.18 ಸೆಕೆಂಡ್. ಸ್ಟ್ರೋಕ್ 6, ನಿಮಿಷಕ್ಕೆ 150 ಮಾಡಿದರೆ ಅಂತರ 8 ಮಿ.ಮೀ., ಹೊತ್ತು 0.14ಕ್ಕೆ ಇಳಿಯುತ್ತದೆ, ಗೆರೆಯೂ ತೆಳುವಾಗುತ್ತದೆ. ಹಾಗೆಂದು ಇಳಿಸುತ್ತಲೇ ಹೋಗಬೇಡಿ. ಪೌಡರ್ ಬಳಕೆ ಚದರ ಮೀಟರಿಗೆ 0.3 ಕೆಜಿಗಿಂತ ಕೆಳಗೆ ಬಿದ್ದರೆ ಚಿಪ್ಪು ತಾಮ್ರಕ್ಕೆ ಅಂಟಿ ಹರಿದು, ಒಳಗಿನ ಉಕ್ಕು ಹೊರಚೆಲ್ಲುವ ಬ್ರೇಕ್‌ಔಟ್ ಆಗುವ ಭಯ. ಮೇಲೆ ಹೇಳಿದ ನೈಟ್ರೈಡ್‌ಗಳು ಆಗದಂತೆ ನೈಟ್ರೋಜನ್ ಕಟ್ಟಿಹಾಕಲು ಟೈಟಾನಿಯಂ ಹಾಕುವುದಾದರೆ ಲೆಕ್ಕ 3.4 ಪಟ್ಟು: 50 ಪಿಪಿಎಂ (0.005 ಶೇಕಡಾ) ನೈಟ್ರೋಜನ್‌ಗೆ 0.017 ಶೇಕಡಾ.

ಜೇಡದ ಆಕಾರದ ಸಣ್ಣ ಬಿರುಕುಗಳು ಮೌಲ್ಡ್‌ನ ತಾಮ್ರ ಸವೆದು ಮೇಲ್ಮೈಗೆ ಹತ್ತಿಕೊಂಡದ್ದರ ಗುರುತು. ಮೌಲ್ಡ್‌ನ ಕೆಳಭಾಗದ ನಿಕ್ಕಲ್ ಲೇಪನ ನೋಡಿ, ಮುಗಿಯಿತು.

ಒಳಗಿನ ಬಿರುಕು ಕಣ್ಣಿಗೆ ಬೀಳುವುದಿಲ್ಲ, ಅಡ್ಡ ತುಂಡು ಕತ್ತರಿಸಿ, ಗಂಧಕ ಕೂತ ಜಾಗ ತೋರಿಸುವ ಸಲ್ಫರ್ ಪ್ರಿಂಟ್ ತೆಗೆಯಲೇಬೇಕು. ತುಂಡಿನ ಮುಖವನ್ನು ಗ್ರೈಂಡ್ ಮಾಡಿ, 2 ಶೇಕಡಾ ಗಂಧಕಾಮ್ಲದಲ್ಲಿ ನೆನೆಸಿದ ಫೋಟೋ ಬ್ರೋಮೈಡ್ ಕಾಗದವನ್ನು ಗುಳ್ಳೆ ಉಳಿಯದಂತೆ ಒತ್ತಿ ಮೂರ್ನಾಲ್ಕು ನಿಮಿಷ ಬಿಟ್ಟರೆ ಕಂದು ಗೆರೆಗಳು ಮೂಡುತ್ತವೆ. ಗೆರೆ ಮೇಲ್ಮೈ ಮತ್ತು ನಡುವಿನ ಮಧ್ಯೆ ಇದ್ದರೆ, ಸ್ಪ್ರೇ ವಲಯ ದಾಟಿದ ಮೇಲೆ ಮೇಲ್ಮೈ ಮತ್ತೆ ಬಿಸಿಯಾಗಿ ಹಿಗ್ಗಿದೆ ಎಂದರ್ಥ. ಆ ಮರುಬಿಸಿ ಮೀಟರಿಗೆ 100 ಡಿಗ್ರಿ ಮೀರಬಾರದು. ನಟ್ಟನಡುವೆ ಇದ್ದರೆ ರೋಲರ್ ಅಂತರ ಅಳೆಯಿರಿ, ಅರ್ಧ ಮಿ.ಮೀ. ತಪ್ಪಿದರೂ ಸ್ಲ್ಯಾಬ್ ಉಬ್ಬುತ್ತದೆ. ಮೌಲ್ಡ್‌ಗೆ ಉಕ್ಕು ಬಿಡುವ ತೊಟ್ಟಿಯಾದ ಟಂಡಿಶ್‌ನಲ್ಲಿ ಸೂಪರ್‌ಹೀಟ್ (ಉಕ್ಕು ಗಟ್ಟಿಯಾಗತೊಡಗುವ ಬಿಸಿಗಿಂತ ಮೇಲಿರುವ ಬಿಸಿ) 20–30 ಡಿಗ್ರಿಗೆ ನಿಲ್ಲಿಸಿ. ಹೆಚ್ಚು ಬಿಸಿ ಇದ್ದರೆ ಎರಕ ಸಲೀಸು ಅನ್ನಿಸುತ್ತದೆ, ನಡುವಿನ ಬಿರುಕು ಮಾತ್ರ ಜಾಸ್ತಿ.

ಇನ್ನು ನಮ್ಮ ಮಲೆನಾಡಿನ ಮಳೆ. ಆರಿದ್ರಾದಿಂದ ಆಶ್ಲೇಷದವರೆಗೆ ಉಪ್ಪಿನ ಡಬ್ಬಿಯೇ ನೀರಾಗುವ ಹವೆಯಲ್ಲಿ ಮೌಲ್ಡ್ ಪೌಡರ್ ಒಣಗಿರಲಿ ಎಂದರೆ ಹೇಗೆ? ಚೀಲ ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ, ಒಡೆದ ಚೀಲವನ್ನು ಅದೇ ಶಿಫ್ಟಿನಲ್ಲಿ ಮುಗಿಸಿ. ಅನುಮಾನವಿದ್ದರೆ 100 ಗ್ರಾಂ ತೂಗಿ 110 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ ಮತ್ತೆ ತೂಗಿ. ಒಂದು ಗ್ರಾಂ ಇಳಿದಿದ್ದರೆ ಆ ಚೀಲ ಬೇಡ. ಒದ್ದೆ ಪೌಡರಿನಿಂದ, ಒದ್ದೆ ಸುಣ್ಣದಿಂದ, ತೇವ ಹಿಡಿದ ಫೆರೋಅಲಾಯ್‌ಗಳಿಂದ (ಉಕ್ಕಿಗೆ ಬೆರೆಸುವ ಮಿಶ್ರಲೋಹ) ಉಕ್ಕಿಗೆ ಹೈಡ್ರೋಜನ್ ಸೇರುತ್ತದೆ, ಅದೂ ಬಿರುಕಿಗೆ ದಾರಿ.

ಕತ್ತರಿಸಿದ ಸ್ಲ್ಯಾಬಿಗೂ ಮಳೆ ಶತ್ರುವೇ. 0.4 ಶೇಕಡಾಕ್ಕಿಂತ ಹೆಚ್ಚು ಕಾರ್ಬನ್ ಇರುವ ಬಿಸಿ ಸ್ಲ್ಯಾಬಿನ ಮೇಲೆ ಸೋರುವ ಶೀಟಿನಿಂದ ನೀರು ಬಿದ್ದರೆ, ಕಾಸ್ಟರಿನಲ್ಲಿ ಪಟ್ಟ ಶ್ರಮವೆಲ್ಲ ಯಾರ್ಡಿನಲ್ಲಿ ಟಪ್ಪೆಂದು ಸೀಳುತ್ತದೆ. ಐದಾರನ್ನು ಬಿಸಿ ಇರುವಾಗಲೇ ಒಂದರ ಮೇಲೊಂದು ಪೇರಿಸಿ, ಮೇಲೆ ಕೆಳಗೆ ಬೇಡದ ಸ್ಲ್ಯಾಬ್ ಒಂದೊಂದು ಹಾಕಿ, ಮುಚ್ಚಿದ ಗುಂಡಿಯಲ್ಲಿ ಕನಿಷ್ಠ 48 ಗಂಟೆ ಬಿಡಿ. ಮೇ ಮುಗಿಯುವುದರೊಳಗೆ ಯಾರ್ಡಿನ ಶೀಟಿನ ತೂತುಗಳನ್ನು ಮುಚ್ಚಿಸಿ.