ಸಂಕಗಿರಿಯಿಂದ ಬಂದ ವೆಂಚುರಿ

ನಿನ್ನೆ ಸಂಜೆ ಐದೂವರೆಗೆ ನಮ್ಮ ಲಾರಿಯ ಎಂಜಿನ್ ಐಡ್ಲಿಂಗ್‌ನಲ್ಲಿ, ಅಂದರೆ ಪೆಡಲು ಒತ್ತದೆ, ಹದವಾಗಿ ಓಡಿತು. ಏರದೆ ಇಳಿಯದೆ, ಇಪ್ಪತ್ತು ನಿಮಿಷ ಒಂದೇ ಸಮನೆ. ಏಳು ತಿಂಗಳಿಂದ ನಾನು ಕಾದದ್ದು ಈ ಸದ್ದಿಗಾಗಿ.

ತುಕ್ಕು ಕೆರೆದದ್ದು, ಚಾಸಿಗೆ ಬಣ್ಣ ಹೊಡೆದದ್ದು, ಎಂಜಿನ್ ಇಳಿಸಿ ಏರಿಸಿದ್ದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ಗಾಡಿ 1964ರ ಟಾಟಾ ಮರ್ಸಿಡಿಸ್ ಬೆಂಜ್. 1954ರಲ್ಲಿ ಆದ ಒಪ್ಪಂದ 1969ರಲ್ಲಿ ಮುಗಿದು, ಮೂತಿಯ ಮೇಲಿನ ನಕ್ಷತ್ರದ ಜಾಗಕ್ಕೆ ಟಾಟಾದ ‘ಟಿ’ ಬರುವುದಕ್ಕೂ ಮೊದಲಿನದು. ನನ್ನ ದೊಡ್ಡಪ್ಪ ಇದರಲ್ಲಿ ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹಂಚು ತರುತ್ತಿದ್ದರು. ಇಳಿಯುವಾಗ ಅಡಿಕೆ ಚೀಲ. ನೋಂದಣಿ ಪುಸ್ತಕದಲ್ಲಿ ಇನ್ನೂ ಮೈಸೂರು ರಾಜ್ಯವೇ ಇದೆ.

ಕಾಟ ಕೊಟ್ಟದ್ದು ಗವರ್ನರ್, ಎಂಜಿನ್ನಿನ ವೇಗವನ್ನು ಹದದಲ್ಲಿಡುವ ಭಾಗ. ಈ ಎಂಜಿನ್ನಿನ ಡೀಸೆಲ್ ಪಂಪಿಗೆ ತಿರುಗುವ ತೂಕಗಳಿಂದ ನಡೆಯುವ ತೂಕದ ಗವರ್ನರ್ ಇಲ್ಲ, ಗಾಳಿಯ ಎಳೆತದಿಂದ ನಡೆಯುವ ಗವರ್ನರ್ ಇದೆ. ಎಕ್ಸಿಲೇಟರ್ ಪೆಡಲು ಸೀದಾ ಪಂಪಿಗೆ ಹೋಗುವುದಿಲ್ಲ, ಗಾಳಿ ಒಳಗೆ ಹೋಗುವ, ನಡುವೆ ಕಿರಿದಾದ ಕೊಳವೆ ವೆಂಚುರಿಯಲ್ಲಿ ಬಿಲ್ಲೆಯಂತಿರುವ ಬಟರ್‌ಫ್ಲೈಯನ್ನು ತಿರುಗಿಸುತ್ತದೆ. ಬಟರ್‌ಫ್ಲೈ ಮುಚ್ಚಿದಷ್ಟೂ ಎಳೆತ ಹೆಚ್ಚು. ಸಣ್ಣ ಪೈಪಿನಲ್ಲಿ ಬರುವ ಆ ಎಳೆತ ಡಯಾಫ್ರಮನ್ನು, ಅಂದರೆ ಚರ್ಮದ ಪೊರೆಯನ್ನು, ಸ್ಪ್ರಿಂಗಿನ ವಿರುದ್ಧ ಎಳೆದು, ಡೀಸೆಲ್ ಎಷ್ಟು ಹೋಗಬೇಕೆಂದು ನಿರ್ಧರಿಸುವ ಸಲಾಕೆಯಾದ ರ‍್ಯಾಕನ್ನು ಡೀಸೆಲ್ ಕಡಿಮೆಯಾಗುವ ಕಡೆಗೆ ಸರಿಸುತ್ತದೆ. ಎಲ್ಲಾದರೂ ಗಾಳಿ ಸೋರಿತೋ, ಸ್ಪ್ರಿಂಗ್ ಗೆಲ್ಲುತ್ತದೆ, ಎಂಜಿನ್ ಕೂಗಿಕೊಂಡು ಏರುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ಆದದ್ದು ಅದೇ. ಭಾವ ಒದ್ದೆ ಗೋಣಿಚೀಲವನ್ನು ಮಡಚಿ ಗಾಳಿ ಹೋಗುವ ಬಾಯಿಗೆ ಒತ್ತಿ ಹಿಡಿಯದಿದ್ದರೆ ಹೊಸ ಪಿಸ್ಟನ್‌ಗಳ ಗತಿ ಏನಾಗುತ್ತಿತ್ತೋ.

ಆ ಪಿಸ್ಟನ್‌ಗಳದ್ದೇ ಬೇರೆ ಕಥೆ. ನಮ್ಮದು 90 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 120 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಆರು ಸಿಲಿಂಡರ್ ಸೇರಿ 4,580 ಸಿಸಿ. ಅಳತೆ ಬರೆದು, ಹಳೆಯ ರಿಂಗಿನ ಚಿತ್ರವನ್ನೂ ಕಳಿಸಿದರೂ ಅಂಗಡಿಯವರು ಎರಡು ಸಲ ಕಳಿಸಿದ್ದು 92ರ ಸೆಟ್, ಅಂದರೆ ಆಮೇಲೆ ಬಂದ ಟಾಟಾ 692 ಎಂಜಿನ್ನಿನದು. ವಾಪಸು ಕಳಿಸುವ ಸಾಗಣೆ ಖರ್ಚು ನನ್ನ ತಲೆಗೆ. ಅಳತೆ ಓದದೆ ಮಾಲು ಕಟ್ಟುವವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಡಯಾಫ್ರಂ ಬಿಚ್ಚಿ ನೋಡಿದರೆ ಚರ್ಮ ಒಣಗಿ ಹಪ್ಪಳದಂತಾಗಿತ್ತು. ಹೊಸದು ಹಾಕಿದೆ. ಎಂಜಿನ್ ಕೂಗುವುದು ನಿಂತಿತು, ಆದರೆ ಐಡ್ಲಿಂಗ್‌ನಲ್ಲಿ ಉಬ್ಬಸದವರ ಉಸಿರಿನಂತೆ ಏರಿಳಿತ ಶುರುವಾಯಿತು. ನಾಲ್ಕು ವಾರ ಹೋದವು. ಪೈಪು ಬದಲಿಸಿದೆ, ತಾಮ್ರದ ವಾಷರ್ ಬದಲಿಸಿದೆ, ಸ್ಪ್ರಿಂಗನ್ನೂ ಅನುಮಾನಿಸಿದೆ. ಕೊನೆಗೆ ಶಿರಸಿಯ ಹಿರಿಯ ಪಂಪು ಮೇಸ್ತ್ರಿಯೊಬ್ಬರನ್ನು ಮನೆಗೇ ಕರೆದುಕೊಂಡು ಬಂದೆ. ಅವರು ಎಂಜಿನ್ ಆರಿಸಿ, ಸ್ಟಾಪ್ ಲಿವರ್ ಎಳೆದು, ಪೈಪು ಕೂರುವ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಲಿವರ್ ಬಿಟ್ಟರು. ರ‍್ಯಾಕ್ ಚೂರು ಸರಿದು ಅಲ್ಲೇ ನಿಂತಿತು. “ಡಯಾಫ್ರಂ ಗಟ್ಟಿ ಇದೆ ತಮ್ಮಾ, ಗಾಳಿ ಬೇರೆ ಕಡೆ ಹೋಗುತ್ತಿದೆ,” ಎಂದರು. ಮತ್ತೆ ಸ್ಟಾರ್ಟ್ ಮಾಡಿಸಿ, ಬಟರ್‌ಫ್ಲೈ ತಿರುಗುವ ಕಡ್ಡಿ, ಅಂದರೆ ಸ್ಪಿಂಡಲ್ಲಿನ ಎರಡೂ ತುದಿಗೆ ಬೆರಳಿನಿಂದ ಗ್ರೀಸ್ ಮೆತ್ತಿದರು. ಏರಿಳಿತ ನಿಂತೇ ಹೋಯಿತು! ಎರಡು ನಿಮಿಷಕ್ಕೆ ಗ್ರೀಸ್ ಒಳಗೆ ಎಳೆದುಕೊಂಡು ಮತ್ತೆ ಶುರು. ಅಷ್ಟು ಸಾಕಿತ್ತು. ಅರವತ್ತು ವರ್ಷ ಘಾಟಿಯಲ್ಲಿ ಒತ್ತಿದ ಪೆಡಲು ಸ್ಪಿಂಡಲ್ಲಿನ ತೂತನ್ನು ಮೊಟ್ಟೆಯಾಕಾರ ಮಾಡಿಬಿಟ್ಟಿತ್ತು.

ಸವೆದ ತೂತಿಗೆ ಲೇತಿನಲ್ಲಿ ಬುಷ್, ಅಂದರೆ ಒಳಬಳೆ, ಹಾಕಿಸಿದೆ. ಕೂದಲೆಳೆಯಷ್ಟು ವಾರೆಯಾಗಿ ಕೂತು ಬಟರ್‌ಫ್ಲೈ ಕಚ್ಚಿಕೊಂಡಿತು. ಇನ್ನು ಬೇರೆ ವೆಂಚುರಿಯನ್ನೇ ಹುಡುಕಬೇಕು. ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. ಬೆಂಗಳೂರಿನಲ್ಲಿ ಒಬ್ಬರು “ಇದೆ, ಬನ್ನಿ” ಎಂದು ಕರೆಸಿ, ಹೋದ ಮೇಲೆ ಕಾರಿನ ಕಾರ್ಬ್ಯುರೇಟರ್ ತೋರಿಸಿದರು. ಅಲ್ಲಿಂದ ಹಿಂತಿರುಗದೆ ಭಾವನನ್ನು ಒಪ್ಪಿಸಿ ತಮಿಳುನಾಡಿನ ಲಾರಿ ಊರು ಸಂಕಗಿರಿಗೇ ಹೊರಟೆ. ಶಿರಸಿಯಿಂದ ಲೆಕ್ಕ ಹಾಕಿದರೆ 600 ಕಿ.ಮೀ.ಗೂ ಹೆಚ್ಚು. ಹಾವೇರಿಯಲ್ಲಿ ಹೆದ್ದಾರಿ ಹಿಡಿದದ್ದು, ದಾವಣಗೆರೆಯಲ್ಲಿ ಬೆಣ್ಣೆ ದೋಸೆ, ತೊಪ್ಪೂರು ಘಾಟಿಯಲ್ಲಿ ಕೆಟ್ಟು ನಿಂತ ಲಾರಿಗಳ ಸಾಲು, ಇಷ್ಟೇ ನೆನಪು.

ಎರಡು ದಿನ ಗುಜರಿ ಅಂಗಳಗಳನ್ನು ಸುತ್ತಿದೆವು. ನಮಗೆ ತಮಿಳು ಬಾರದು, ಹಳೆಯ ವೆಂಚುರಿಯನ್ನೇ ಕೈಯಲ್ಲಿ ಹಿಡಿದು ತೋರಿಸುತ್ತಾ ಹೋದೆವು. ಎರಡನೆಯ ದಿನ ಮಧ್ಯಾಹ್ನ ಆಕ್ಸಲ್‌ಗಳ ರಾಶಿಯ ಅಡಿಯಲ್ಲಿ ಎರಡು ಸಿಕ್ಕವು. ಒಂದಕ್ಕೆ ಬಿರುಕು. ಇನ್ನೊಂದರ ಬಟರ್‌ಫ್ಲೈ ಮುಚ್ಚಿ ಬಿಸಿಲಿಗೆ ಹಿಡಿದೆ, ಅಂಚಿನಲ್ಲಿ ಬೆಳಕಿನ ಎಳೆ ಸುತ್ತಲೂ ಸಮನಾಗಿತ್ತು. ಸ್ಪಿಂಡಲ್ ಅಲ್ಲಾಡಿಸಿದರೆ ಅಲ್ಲಾಡಲಿಲ್ಲ. 4,500 ಹೇಳಿದರು, 2,800ಕ್ಕೆ ಕೊಟ್ಟರು. ಬೆಂಗಳೂರಿನ ಮಾತುಗಾರರಿಗಿಂತ ಈ ಮನುಷ್ಯ ಎಷ್ಟೋ ಮೇಲು. ಸೀಮೆಎಣ್ಣೆಯಲ್ಲಿ ತೊಳೆದೂ ಕೊಟ್ಟರು.

ಅದೇ ಅಂಗಳದಲ್ಲಿ ಕಿರ್ಲೋಸ್ಕರ್ ಎವಿ-1 ಡೀಸೆಲ್ ಎಂಜಿನ್ನಿನ ಫ್ಲೈವೀಲ್ ಒಂದು ಬಿದ್ದಿತ್ತು. ನಮ್ಮ ತೋಟದ ಹಳ್ಳದ ಬದಿಯಲ್ಲಿ ಅಪ್ಪ ಕೂರಿಸಿದ ಅದೇ ಪಂಪ್‌ಸೆಟ್ ಹದಿನೈದು ವರ್ಷದಿಂದ ಮಳೆ ತಿನ್ನುತ್ತಿದೆ. 5 ಅಶ್ವಶಕ್ತಿ, 1,500 ಆರ್‌ಪಿಎಂ, 80 ಬೋರ್, 110 ಸ್ಟ್ರೋಕ್, ತೂಕದ ಗವರ್ನರ್. ಗಾಳಿ ಸೋರುವ ಗೋಳೇ ಇಲ್ಲ. ಫ್ಲೈವೀಲನ್ನೂ ಕಾರಿನಲ್ಲಿ ಹಾಕಿಕೊಂಡೆ. “ಭಾವ, ಮೊದಲು ಲಾರಿ ಮುಗಿಯಲಿ,” ಎಂದು ಭಾವ ಸೇಲಂವರೆಗೂ ಹೇಳುತ್ತಿದ್ದ. ಅವನ ಮಾತು ಸರಿ, ಆದರೆ ಮುಂದಿನ ಬೇಸಿಗೆಗೆ ಹಳ್ಳದ ನೀರನ್ನು ಆ ಎಂಜಿನ್ನೇ ಎತ್ತಬೇಕು ಎಂದು ನಾನು ಆಗಲೇ ನಿಶ್ಚಯಿಸಿಯಾಗಿತ್ತು.

ನಿನ್ನೆ ಹೊಸ ಗ್ಯಾಸ್ಕೆಟ್ ಕತ್ತರಿಸಿ ಕೂರಿಸಿ, ಐಡ್ಲಿಂಗ್ ಸ್ಕ್ರೂವನ್ನು ಮೇಸ್ತ್ರಿಯವರೇ ತಿರುಗಿಸಿದರು. ಕಾಲು ಸುತ್ತು, ಮತ್ತೆ ಅರ್ಧ ಕಾಲು. ಸದ್ದು ಒಂದು ಹದಕ್ಕೆ ಬಂದಾಗ ಕೈ ತೆಗೆದು ಸುಮ್ಮನೆ ನಿಂತರು. ದೊಡ್ಡಪ್ಪ ಜಗಲಿಯಿಂದ ಎದ್ದು ಬಂದು, ಬಾನೆಟ್ಟಿನ ಮೇಲೆ ಕೈ ಇಟ್ಟು, “ಸೆಕೆಂಡ್ ಗೇರ್ ಹಾಕುವಾಗ ಸ್ವಲ್ಪ ತಡೆದು ಹಾಕು,” ಎಂದರು. ಸೋಮವಾರ ಲಾರಿಯ ಡೀಸೆಲ್ ಪಂಪನ್ನು ಕ್ಯಾಲಿಬ್ರೇಷನ್‌ಗೆ ಒಯ್ಯುತ್ತೇನೆ. ಆಮೇಲೆ ಬ್ರೇಕು.